ಕಂಪ್ಯೂಟರಿನಲ್ಲಿ ಕಾಣುವ ಕನ್ನಡ, ಕಂಪ್ಯೂಟರಿನಲ್ಲಿ ಉಳಿಯುವ ಕನ್ನಡ

ವೇದಿಕೆಯ ಮೇಲಿರುವ ಹಿರಿಯರಿಗೆ, ಎದುರಿಗಿರುವ ಗೆಳೆಯರಿಗೆ ಮತ್ತು ವಿದ್ಯಾರ್ಥಿಗಳಿಗೆ ನಮಸ್ಕಾರ. ಕಂಪ್ಯೂಟರ್ ಮತ್ತು ಇಂಟರ್ನೆಟ್ಟಿನ ಜೊತೆಗಿನ ದಿನನಿತ್ಯದ ಒಡನಾಟದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ ಹೇಳಬಹುದಾದ ವಿಷಯಗಳು ಬಹಳ ಇದ್ದವು. ಅವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡಿದ್ದೇನೆ. ನಾವು ಕಂಪ್ಯೂಟರಿನಲ್ಲಿ ಕನ್ನಡ ಬರೆದಾಗ ಅದರೊಳಗೆ ನಿಜವಾಗಿ ಏನು ಉಳಿಯುತ್ತದೆ ಎಂಬುದೇ ಆ ವಿಷಯ. ಪ್ರಶ್ನೆ ಕೇವಲ ತಾಂತ್ರಿಕವಾದದ್ದೆಂದು ಮೊದಲಿಗೆ ತೋರಬಹುದು. ಆದರೆ ಕನ್ನಡದಲ್ಲಿ ಇತ್ತೀಚಿನ ಎರಡು ಮೂರು ದಶಕಗಳಲ್ಲಿ ಅಚ್ಚಾದ ಪುಸ್ತಕಗಳು, ಸ್ಮರಣ ಸಂಚಿಕೆಗಳು, ಸ್ಥಳೀಯ ಚರಿತ್ರೆಗಳು ಮುಂದಿನವರ ಕೈಗೆ ಸಿಗುತ್ತವೆಯೋ ಇಲ್ಲವೋ ಎಂಬುದು ಈ ಪ್ರಶ್ನೆಯನ್ನೇ ಅವಲಂಬಿಸಿದೆ.

ಒಂದು ಉದಾಹರಣೆಯಿಂದ ಆರಂಭಿಸುತ್ತೇನೆ. 1950ರ ಸುಮಾರಿಗೆ ಸೀಸದ ಮೊಳೆಗಳನ್ನು ಕೈಯಿಂದ ಜೋಡಿಸಿ ಅಚ್ಚು ಮಾಡಿದ ಒಂದು ಕನ್ನಡ ಪುಸ್ತಕವನ್ನೂ, 2003ರಲ್ಲಿ ಕಂಪ್ಯೂಟರಿನಲ್ಲೇ ಟೈಪು ಮಾಡಿ, ಪುಟ ವಿನ್ಯಾಸ ಮಾಡಿ ಅಚ್ಚಿಗೆ ಕಳುಹಿಸಿದ ಇನ್ನೊಂದು ಪುಸ್ತಕವನ್ನೂ ತೆಗೆದುಕೊಳ್ಳಿ. ಇಂದು ಈ ಎರಡು ಪುಸ್ತಕಗಳಲ್ಲಿ ಒಂದು ಪದವನ್ನು ಹುಡುಕಬೇಕೆಂದರೆ, ಬಹುತೇಕ ಸಂದರ್ಭಗಳಲ್ಲಿ, ಎರಡನ್ನೂ ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ತಂತ್ರಾಂಶಕ್ಕೆ ಒಪ್ಪಿಸಿ, ಬಂದ ಫಲಿತಾಂಶವನ್ನು ಸಾಲು ಸಾಲಾಗಿ ತಿದ್ದಬೇಕು. ಕಂಪ್ಯೂಟರಿನಲ್ಲೇ ಹುಟ್ಟಿದ ಪುಸ್ತಕವನ್ನು ಕಂಪ್ಯೂಟರಿಗೆ ಮತ್ತೊಮ್ಮೆ ಓದಿಸಬೇಕಾದ ಈ ಸ್ಥಿತಿ ಏಕೆ ಬಂತು ಎಂಬುದನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಸಂಖ್ಯೆ ಯಾವ ಅಕ್ಷರವನ್ನು ಸೂಚಿಸಬೇಕೆಂಬ ಒಪ್ಪಂದವೊಂದು ಇರಬೇಕು. ಆಸ್ಕಿ ಎಂಬ ಹಳೆಯ ಒಪ್ಪಂದದಲ್ಲಿ 128 ಸ್ಥಾನಗಳಿದ್ದವು. ಅದನ್ನು ಹಿಗ್ಗಿಸಿದ ಬಗೆಗಳಲ್ಲಿ 256 ಸ್ಥಾನಗಳಿದ್ದವು. ಅವೆಲ್ಲ ಇಂಗ್ಲಿಷ್ ಮತ್ತು ಯುರೋಪಿನ ಇತರ ಭಾಷೆಗಳ ಅಕ್ಷರಗಳಿಗೆ ಮೀಸಲು. 1980 ಮತ್ತು 90ರ ದಶಕಗಳಲ್ಲಿ ಕನ್ನಡವನ್ನು ಕಂಪ್ಯೂಟರಿಗೆ ತಂದವರ ಮುಂದೆ ಇದ್ದದ್ದು ಅಷ್ಟೇ ಜಾಗ. ಹಾಗಾಗಿ ಅವರು ಅದೇ ಸ್ಥಾನಗಳನ್ನು ಇಟ್ಟುಕೊಂಡು, ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರದ ಆಕಾರವಿರಬೇಕಾದ ಕಡೆ ಕನ್ನಡದ ಆಕಾರವನ್ನು ಕೂರಿಸಿದರು. ಒಳಗಿನ ಪಾತ್ರಧಾರಿ ಇಂಗ್ಲಿಷ್ ಅಕ್ಷರವೇ ಆಗಿದ್ದು, ವೇಷವಷ್ಟೇ ಕನ್ನಡದ್ದಾದಂತೆ ಇತ್ತು ಈ ಏರ್ಪಾಡು.

ಇದನ್ನು ಹತ್ತಿರದಿಂದ ನೋಡೋಣ. ‘ನುಡಿ’ ಮತ್ತು ‘ಬರಹ’ ಎಂಬ ಕನ್ನಡ ಬರೆಯುವ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ‘ಕನ್ನಡ’ ಎಂದು ಟೈಪು ಮಾಡಿ ಉಳಿಸಿದರೆ ಕಡತದೊಳಗೆ ಸೇರುವ ಸಂಖ್ಯೆಗಳು ಹೀಗಿವೆ: 80, 192, 163, 192, 223, 113, 192. ಇದರಲ್ಲಿ 80 ಎಂದರೆ ಇಂಗ್ಲಿಷಿನ ದೊಡ್ಡ ಪಿ. ಫಾಂಟಿನಲ್ಲಿ ಆ ಜಾಗದಲ್ಲಿ ತಲೆಕಟ್ಟಿಲ್ಲದ ಕಕಾರದ ಒಡಲು ಇದೆ. 192 ಎಂದರೆ ನೆತ್ತಿಯ ಮೇಲೆ ಓರೆಗೆರೆಯಿರುವ ಎ. ಅಲ್ಲಿ ಕನ್ನಡದ ತಲೆಕಟ್ಟು ಕೂತಿದೆ. 163 ಪೌಂಡ್ ನಾಣ್ಯದ ಚಿಹ್ನೆ, ಅಲ್ಲಿ ನಕಾರದ ಒಡಲು. 223 ಜರ್ಮನ್ ಭಾಷೆಯ ಒಂದು ಅಕ್ಷರ, ಅಲ್ಲಿ ನಕಾರದ ಒತ್ತು. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದವರಿಗೆ ಪಿ, ಎ, ಪೌಂಡ್ ಚಿಹ್ನೆಗಳ ಅರ್ಥವಿಲ್ಲದ ಸಾಲು ಕಾಣುತ್ತಿದ್ದದ್ದು ಇದರಿಂದಲೇ. ಕನ್ನಡ ಕಡತಗಳನ್ನು ಇಮೇಲಿನಲ್ಲಿ ಕಳುಹಿಸಿದವರೆಲ್ಲರೂ ಆ ಸಾಲನ್ನು ಕಂಡಿದ್ದಾರೆ. ಕಡತದ ಜೊತೆಗೆ ಫಾಂಟನ್ನೂ ಲಗತ್ತಿಸಿ, ಅದನ್ನು ಅಳವಡಿಸಿಕೊಳ್ಳುವ ಕ್ರಮವನ್ನು ಇಂಗ್ಲಿಷಿನಲ್ಲಿ ಬರೆದು ಕಳುಹಿಸುವುದು ಆಗ ನಮಗೆಲ್ಲ ರೂಢಿಯಾಗಿತ್ತು.

ಹಾಗೆಂದು ಆ ಕಾಲದ ಕೆಲಸವನ್ನು ಕಡಿಮೆ ಎಣಿಸುವ ಮನಸ್ಸು ನನಗಿಲ್ಲ. ಕಿನ್ನಿಕಂಬಳ ಪದ್ಮನಾಭ ರಾವ್ ಅವರು, ಅಂದರೆ ನಾವೆಲ್ಲ ಕೆ.ಪಿ. ರಾವ್ ಎಂದು ಕರೆಯುವ ಹಿರಿಯರು, ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದು ಹೆಸರಿಟ್ಟ ತಂತ್ರಾಂಶವನ್ನು ರೂಪಿಸಿ, ಯಾರಿಂದಲೂ ಹಣ ಪಡೆಯದೆ ಕನ್ನಡಿಗರಿಗೆ ಕೊಟ್ಟರು. ಇಂಗ್ಲಿಷ್ ಕೀಲಿಮಣೆಯ 26 ಅಕ್ಷರದ ಕೀಲಿಗಳಲ್ಲೇ, ಶಿಫ್ಟ್ ಕೀಲಿಯ ನೆರವಿನಿಂದ, ಕನ್ನಡದ ಇಡೀ ಅಕ್ಷರಮಾಲೆಯನ್ನು ಹೊಂದಿಸಿದ ಅವರ ವಿನ್ಯಾಸವೇ ಮುಂದೆ ಕರ್ನಾಟಕ ಸರ್ಕಾರದ ಮಾನ್ಯತೆ ಪಡೆದ ವಿನ್ಯಾಸಕ್ಕೆ ಆಧಾರವಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಕಚೇರಿಗಳಿಂದ ಹಿಡಿದು ಹೋಬಳಿಯ ಜೆರಾಕ್ಸ್ ಅಂಗಡಿಗಳವರೆಗೆ ತಲುಪಿತು. ಈ ಕೆಲಸಗಳು ನಡೆಯದೆ ಇದ್ದಿದ್ದರೆ ಕನ್ನಡದ ಪತ್ರಿಕೆಗಳೂ ಪ್ರಕಾಶಕರೂ ಕಂಪ್ಯೂಟರಿನಲ್ಲೇ ಪುಟ ಸಿದ್ಧಪಡಿಸುವ ಡಿಟಿಪಿ ಯುಗಕ್ಕೆ ಕಾಲಿಡುವುದು ಬಹಳ ತಡವಾಗುತ್ತಿತ್ತು. ಆಗಿನ ಗುರಿ ಕಾಗದದ ಮೇಲೆ ಅಚ್ಚುಕಟ್ಟಾಗಿ ಮೂಡಿಸುವುದಾಗಿತ್ತು ಮತ್ತು ಆ ಗುರಿ ಪೂರ್ತಿಯಾಗಿ ಈಡೇರಿತು. ಅಚ್ಚಿನಾಚೆಗೂ ಆ ಪಠ್ಯಕ್ಕೆ ಬಾಳಿದೆ ಎಂಬುದು ಇಂಟರ್ನೆಟ್ ಬಂದ ಮೇಲೆ ಅರಿವಿಗೆ ಬಂದ ಸಂಗತಿ.

ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಸ್ಥಾನ ಕೊಡುವ ಯುನಿಕೋಡ್ ಒಪ್ಪಂದದ ಮೊದಲ ಆವೃತ್ತಿ 1991ರಲ್ಲಿ ಪ್ರಕಟವಾಯಿತು. ಭಾರತೀಯ ಲಿಪಿಗಳಿಗಾಗಿ ಇದ್ದ, ಭಾರತೀಯ ಮಾನಕ ಸಂಸ್ಥೆಯ ಇಸ್ಕಿ ಸಂಕೇತಗಳ ಜಾಡನ್ನೇ ಹಿಡಿದು, ಯುನಿಕೋಡಿನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳನ್ನು ಮೀಸಲಿಟ್ಟರು. ಆ ಸ್ಥಾನಗಳು ಜಗತ್ತಿನ ಬೇರೆ ಯಾವ ಲಿಪಿಗೂ ಸೇರಿದವಲ್ಲ. ಈಗ ‘ಕನ್ನಡ’ ಎಂಬ ಪದ ಕಡತದಲ್ಲಿ ಉಳಿಯುವುದು 3221, 3240, 3277, 3240, 3233 ಎಂದು. ಅಂದರೆ ಕ, ನ, ವಿರಾಮ, ನ, ಡ. ವಿರಾಮವೆಂದರೆ ವ್ಯಂಜನದೊಳಗಿನ ಅಕಾರವನ್ನು ತೆಗೆಯುವ ಚಿಹ್ನೆ. ತಲೆಕಟ್ಟು, ಒಡಲು, ಒತ್ತು ಎಂಬ ಆಕಾರದ ತುಂಡುಗಳು ಇಲ್ಲಿಲ್ಲ. ನಾವು ಪದವನ್ನು ಬಿಡಿಸಿ ಹೇಳುವ ಕ್ರಮದಲ್ಲೇ ವರ್ಣಗಳು ಕೂತಿವೆ. ಒತ್ತು ಎಲ್ಲಿ ಬರಬೇಕು, ‘ಸೂರ್ಯ’ದ ಅರ್ಕಾವತ್ತು ಯಾವ ಅಕ್ಷರದ ಬಲಕ್ಕೆ ಸರಿಯಬೇಕು ಎಂಬುದನ್ನೆಲ್ಲ ಪರದೆಯ ಮೇಲೆ ತೋರಿಸುವ ಹೊತ್ತಿಗೆ ಫಾಂಟು ಮತ್ತು ಅಕ್ಷರ ಜೋಡಿಸುವ ತಂತ್ರಾಂಶ ಸೇರಿ ತೀರ್ಮಾನಿಸುತ್ತವೆ. ಕೆ.ಪಿ. ರಾವ್ ವಿನ್ಯಾಸದಲ್ಲಿ ಟೈಪು ಮಾಡುವವರು ಗಮನಿಸಿರಬಹುದು: ‘ಕನ್ನಡ’ಕ್ಕೆ ಒತ್ತುವ ಕೀಲಿಗಳು ಕೆ, ಎನ್, ಎಫ್, ಎನ್, ಕ್ಯೂ. ಅವೂ ಐದೇ, ಅದೇ ಕ್ರಮದಲ್ಲಿ. ಆಕಾರಗಳ ಕಾಲದಲ್ಲೇ ವರ್ಣಗಳ ಕ್ರಮದಲ್ಲಿ ಯೋಚಿಸಿದ ಆ ದೂರದೃಷ್ಟಿಗೆ ನಾನು ಪ್ರತಿ ಸಲ ಕೀಲಿಮಣೆಯ ಮುಂದೆ ಕೂತಾಗಲೂ ತಲೆಬಾಗುತ್ತೇನೆ.

ಒಪ್ಪಂದ 1991ರಲ್ಲೇ ಆದರೂ ಸಾಮಾನ್ಯ ಬಳಕೆದಾರರ ಯಂತ್ರಕ್ಕೆ ಅದು ಬರಲು ವರ್ಷಗಳೇ ಹಿಡಿದವು. ಭಾರತದ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ಸೈಬರ್ ಕೆಫೆಗಳು ಊರೂರಿಗೆ ಬಂದದ್ದು ಆ ದಶಕದ ಕೊನೆಗೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಯುನಿಕೋಡ್ ಕನ್ನಡ ಫಾಂಟು ಇತ್ತು. ಆದರೆ ಕನ್ನಡದಂಥ ಸಂಕೀರ್ಣ ಲಿಪಿಗಳಿಗೆ ಬೇಕಾದ ಭಾಗಗಳು ತಾವಾಗಿ ಸ್ಥಾಪನೆಯಾಗುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನ ಭಾಷೆಯ ವಿಭಾಗಕ್ಕೆ ಹೋಗಿ ಒಂದು ಚೌಕದಲ್ಲಿ ಗುರುತು ಹಾಕಿ, ಕೇಳಿದಾಗ ಎಕ್ಸ್‌ಪಿಯ ಸಿಡಿ ಕೊಟ್ಟು, ಯಂತ್ರವನ್ನು ಮತ್ತೆ ಚಾಲೂ ಮಾಡಬೇಕಿತ್ತು. ಕೆಫೆಯ ಮಾಲೀಕರನ್ನು ಸಿಡಿ ಕೇಳಿದರೆ ಅನುಮಾನದಿಂದ ನೋಡುತ್ತಿದ್ದರು. ಆದರೆ ಚೌಕಾಕಾರದ ಖಾಲಿ ಪೆಟ್ಟಿಗೆಗಳಿದ್ದ ಪುಟದಲ್ಲಿ ಕನ್ನಡ ಅಕ್ಷರಗಳು ಮೂಡಿದ್ದನ್ನು ಕಂಡ ಮೇಲೆ ಉಳಿದ ಯಂತ್ರಗಳಿಗೂ ಹಾಗೆಯೇ ಮಾಡಿಕೊಡಿ ಎಂದು ಅವರೇ ಕೇಳಿದ್ದುಂಟು.

ಮೊಬೈಲಿನಲ್ಲಿಯೂ ಅದೇ ದಾರಿಯನ್ನು ಇನ್ನೊಮ್ಮೆ ನಡೆಯಬೇಕಾಯಿತು. ಅಗ್ಗದ ಫೋನುಗಳಲ್ಲಿ ಕನ್ನಡದ ಫಾಂಟು ಇರಲಿಲ್ಲ. ಆದರೆ ಒಪೆರಾ ಮಿನಿ ಎಂಬ ಬ್ರೌಸರಿನ ವಿಳಾಸದ ಪಟ್ಟಿಯಲ್ಲಿ ‘ಕಾನ್ಫಿಗ್’ ಎಂದು ಬರೆದು, ಸಂಯೋಜನೆಗಳ ಪುಟದ ಕೊನೆಯಲ್ಲಿ ಸಂಕೀರ್ಣ ಲಿಪಿಗಳನ್ನು ಚಿತ್ರವಾಗಿ ತೋರಿಸುವ ಆಯ್ಕೆಯನ್ನು ಒಪ್ಪಿದರೆ, ದೂರದ ಸರ್ವರೇ ಕನ್ನಡ ಅಕ್ಷರಗಳನ್ನು ಚಿತ್ರವಾಗಿಸಿ ಕಳುಹಿಸುತ್ತಿತ್ತು. ಆ ಉಪಾಯವನ್ನು ಒಬ್ಬರಿಂದ ಒಬ್ಬರು ಕಲಿತು, ಬಸ್ಸಿನಲ್ಲಿ ಕೂತು ಕನ್ನಡದ ಸುದ್ದಿ ಓದಿದ ಒಂದು ತಲೆಮಾರೇ ನಮ್ಮಲ್ಲಿದೆ. ಆಂಡ್ರಾಯ್ಡಿನ ಮೂಲ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಬೆಂಬಲ ಬಂದದ್ದು 2012ರಲ್ಲಿ, 4.1ನೆಯ ಆವೃತ್ತಿಯಲ್ಲಿ. ಎಸ್ಸೆಮ್ಮೆಸ್ಸಿನ ಕಥೆಯನ್ನೂ ಇಲ್ಲಿಯೇ ಹೇಳಬೇಕು: ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಒಂದು ಸಂದೇಶಕ್ಕೆ 160 ಅಕ್ಷರಗಳು ಹಿಡಿಸುತ್ತಿದ್ದವು, ಕನ್ನಡ ಲಿಪಿಯಲ್ಲಿ ಬರೆದರೆ 70 ಸಂಕೇತಗಳು ಮಾತ್ರ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಅಭ್ಯಾಸ ಬೆಳೆದುದಕ್ಕೆ ಹೊಸ ತಲೆಮಾರಿನ ಉದಾಸೀನವೇ ಕಾರಣವೆಂದು ದೂರುವವರು ಈ ಲೆಕ್ಕವನ್ನೂ ಗಮನಿಸಬೇಕೆಂದು ನನ್ನ ಕೋರಿಕೆ.

ಈಗ ಎಲ್ಲ ಫೋನುಗಳಲ್ಲೂ ಕನ್ನಡ ಕಾಣುತ್ತದೆ. ಸಮಸ್ಯೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಕಾಣುವ ಸಮಸ್ಯೆ ಮುಗಿದಿದೆ. ಉಳಿಯುವ ಸಮಸ್ಯೆ ಇನ್ನೂ ಇದೆ ಎಂಬುದನ್ನು ಒಂದೆರಡು ಸಣ್ಣ ಸಂಗತಿಗಳಿಂದ ತೋರಿಸುತ್ತೇನೆ.

ಮೊದಲನೆಯದು ಸೊನ್ನೆ. ಕನ್ನಡದ ಅನುಸ್ವಾರಕ್ಕೆ ಯುನಿಕೋಡಿನಲ್ಲಿ 3202 ಎಂಬ ಸ್ಥಾನವಿದೆ, ಕನ್ನಡ ಅಂಕಿಯಾದ ಸೊನ್ನೆಗೆ 3302 ಎಂಬ ಬೇರೆಯೇ ಸ್ಥಾನವಿದೆ. ಕಣ್ಣಿಗೆ ಎರಡೂ ಒಂದೇ. ‘ಬೆಂಗಳೂರು’ ಎಂದು ಬರೆಯುವಾಗ ಅನುಸ್ವಾರದ ಕೀಲಿ ಸಿಗದೆ ಅಂಕಿಯ ಸೊನ್ನೆಯನ್ನು ಹಾಕಿದರೆ ಓದುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹುಡುಕುವ ಯಂತ್ರಕ್ಕೆ ಮಾತ್ರ ಅದು ನಡುವೆ ಅಂಕಿ ಸೇರಿಕೊಂಡ, ಯಾವ ಊರಿನದೂ ಅಲ್ಲದ ಹೆಸರು. ನಾನು ತಿದ್ದಿದ ಹಳೆಯ ಲೇಖನಗಳಲ್ಲಿ ಈ ದೋಷ ಪುಟಕ್ಕೆ ಹತ್ತಾರು ಕಡೆ ಸಿಕ್ಕಿದೆ. ‘ದುಃಖ’ದ ವಿಸರ್ಗದ ಜಾಗದಲ್ಲಿ ಇಂಗ್ಲಿಷಿನ ವಿವರಣ ಚಿಹ್ನೆಯ ಎರಡು ಚುಕ್ಕಿಗಳನ್ನು ಹಾಕುವುದೂ ಇದೇ ಜಾತಿಯದು.

ಎರಡನೆಯದು ಕಣ್ಣಿಗೇ ಕಾಣದ ಸಂಕೇತಗಳು. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರದ ವಿರಾಮವಾದ ಕೂಡಲೆ ಕಕಾರವನ್ನು ಒತ್ತಿದರೆ ಅದು ಒತ್ತಾಗಿ ಜಕಾರದ ಕೆಳಗೆ ಇಳಿದು ‘ರಾಜ್ಕುಮಾರ್’ ಆಗುತ್ತದೆ. ಹಾಗಾಗದಂತೆ ತಡೆಯಲು ನಡುವೆ ಅಗಲವೇ ಇಲ್ಲದ ಒಂದು ಸಂಕೇತವನ್ನು ಸೇರಿಸಬೇಕು. ‘ರ‍್ಯಾಂಕ್’ ಎಂಬಲ್ಲಿ ರಕಾರ ಅರ್ಕಾವತ್ತಾಗದೆ ಪೂರ್ಣಾಕ್ಷರವಾಗಿಯೇ ನಿಲ್ಲಬೇಕೆಂದರೆ ರಕಾರಕ್ಕೂ ವಿರಾಮಕ್ಕೂ ನಡುವೆ ಅಂಥದೇ ಇನ್ನೊಂದು ಸಂಕೇತ ಬೇಕು. ಈ ಸೂಕ್ಷ್ಮವನ್ನು ಅರಿಯದ ತಂತ್ರಾಂಶಗಳು ಒಂದೇ ಹೆಸರಿನ ಎರಡು ಬರವಣಿಗೆಗಳನ್ನು ಬೇರೆ ಬೇರೆ ವ್ಯಕ್ತಿಗಳೆಂದು ಎಣಿಸುತ್ತವೆ. ಹೆಸರುಗಳ ಪಟ್ಟಿಯಿರುವ ಅರ್ಜಿಗಳಲ್ಲಿ ಇದರಿಂದ ಆಗುವ ತೊಂದರೆ ಎಷ್ಟೆಂಬುದನ್ನು ಅಂಥ ಪಟ್ಟಿಗಳೊಡನೆ ಕೆಲಸ ಮಾಡುವ ಗುಮಾಸ್ತರು ಬಲ್ಲರು. ಅಕಾರಾದಿ ವಿಂಗಡಣೆಯೂ ಹೀಗೆಯೇ. ನಮ್ಮ ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರ ಬರುತ್ತದೆ, ಯುನಿಕೋಡಿನ ಸ್ಥಾನಗಳಲ್ಲಿ ಲಕಾರದ ಪಕ್ಕದಲ್ಲಿದೆ. ಆದ್ದರಿಂದ ಸಂಕೇತಗಳ ಕ್ರಮವನ್ನಷ್ಟೇ ನೋಡುವ ತಂತ್ರಾಂಶ ‘ಕಳಸ’ವನ್ನು ‘ಕವನ’ಕ್ಕಿಂತ ಮುಂಚೆ ಇಡುತ್ತದೆ, ನಿಘಂಟಿನಲ್ಲಿ ‘ಕವನ’ವೇ ಮೊದಲು. ಸರಿಯಾದ ವಿಂಗಡಣಾ ನಿಯಮಗಳನ್ನು ಅಳವಡಿಸಿದರೆ ಇದು ಪರಿಹಾರವಾಗುತ್ತದೆ. ಆದರೆ ಅಳವಡಿಸಬೇಕೆಂದು ಕೇಳುವವರು ಬೇಕು, ಮತ್ತು ಕೇಳಬೇಕಾದವರು ಕನ್ನಡ ಬಲ್ಲ ನಾವೇ. ಒಪ್ಪಂದಗಳನ್ನು ರೂಪಿಸುವ ಹೊತ್ತಿನಲ್ಲಿ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಳಗನ್ನಡದ ‘ೞ’ ಅಕ್ಷರವೇ ಸಾಕ್ಷಿ. ಯುನಿಕೋಡಿನಲ್ಲಿ ಅದರ ಅಧಿಕೃತ ಹೆಸರು ಕನ್ನಡ ಅಕ್ಷರ ‘ಫ’ ಎಂದು ತಪ್ಪಾಗಿ ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬುದು ಆ ಒಪ್ಪಂದದ ನಿಯಮ. ಪಕ್ಕದಲ್ಲಿ ಸರಿಯಾದ ಪರ್ಯಾಯ ಹೆಸರನ್ನು ಸೇರಿಸಲು ಮಾತ್ರ ಸಾಧ್ಯವಾಯಿತು.

ಇನ್ನು ನನ್ನ ಸಮಯದ ಬಹುಪಾಲನ್ನು ತೆಗೆದುಕೊಳ್ಳುತ್ತಿರುವ ಕೆಲಸಕ್ಕೆ ಬರುತ್ತೇನೆ. ನಮ್ಮ ಕಡೆಯ ಹಿರಿಯ ಅಧ್ಯಾಪಕರೊಬ್ಬರು ತಮ್ಮ ಸುತ್ತಲಿನ ಗಿಡಮೂಲಿಕೆಗಳ ಬಗ್ಗೆ ಒಂದು ಪುಸ್ತಕ ಬರೆದಿದ್ದರು. ಒಂದೇ ಮುದ್ರಣವಾಗಿ ಪ್ರತಿಗಳೆಲ್ಲ ಮುಗಿದಿದ್ದವು. ಅವರು ತೀರಿಕೊಂಡ ಮೇಲೆ ಮನೆಯವರು ಅದನ್ನು ಎಲ್ಲರಿಗೂ ಸಿಗುವಂತೆ ಮಾಡಬೇಕೆಂದು ಬಯಸಿದರು. ಪುಣ್ಯಕ್ಕೆ ಪುಸ್ತಕದ ಡಿಟಿಪಿ ಮಾಡಿದವರು ಸಿಡಿಯೊಂದನ್ನು ಜೋಪಾನವಾಗಿ ಇಟ್ಟಿದ್ದರು. ಅದರಲ್ಲಿದ್ದದ್ದು ಪುಟ ವಿನ್ಯಾಸಕ್ಕೆ ಬಳಸುತ್ತಿದ್ದ ಪೇಜ್‌ಮೇಕರ್ ಕಡತಗಳು. ಕನ್ನಡ ಡಿಟಿಪಿಯ ಬೆನ್ನೆಲುಬಾಗಿದ್ದ ಪೇಜ್‌ಮೇಕರ್ ಕೊನೆಯವರೆಗೂ ಯುನಿಕೋಡನ್ನು ಅರಿಯಲಿಲ್ಲ. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸಲು ಆರಂಭಿಸಿದ್ದು 2012ರಲ್ಲಿ. ಅಲ್ಲಿಯವರೆಗೆ, ಅನೇಕ ಅಂಗಡಿಗಳಲ್ಲಿ ಅದರ ನಂತರವೂ, ಪುಸ್ತಕಗಳು ಹಳೆಯ ಫಾಂಟುಗಳಲ್ಲೇ ಸಿದ್ಧವಾದವು.

ಆ ಕಡತಗಳನ್ನು ಪೇಜ್‌ಮೇಕರ್ ಇರುವ ಹಳೆಯ ಯಂತ್ರವೊಂದರಲ್ಲಿ ತೆರೆದು, ಪಠ್ಯವನ್ನು ಫಾಂಟಿನ ಮಾಹಿತಿಯ ಸಮೇತ ಹೊರಗೆ ತೆಗೆದೆವು. ಫಾಂಟಿನ ಮಾಹಿತಿ ಏಕೆ ಬೇಕೆಂಬುದನ್ನು ಈ ಪುಸ್ತಕ ಬಹಳ ಸ್ಪಷ್ಟವಾಗಿ ತೋರಿಸಿತು. ಪ್ರತಿ ಗಿಡದ ಕನ್ನಡ ಹೆಸರಿನ ಪಕ್ಕದಲ್ಲಿ ಅದರ ವೈಜ್ಞಾನಿಕ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿತ್ತು. ಹಳೆಯ ಸಂಕೇತಗಳನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕ ತಂತ್ರಾಂಶಕ್ಕೆ 80 ಎಂಬ ಸಂಖ್ಯೆ ಸಿಕ್ಕಾಗ, ಅದು ನಿಜವಾದ ಇಂಗ್ಲಿಷ್ ಪಿಯೋ ಅಥವಾ ಕಕಾರದ ಒಡಲೋ ಎಂದು ತಿಳಿಯುವ ದಾರಿಯೇ ಇಲ್ಲ. ಫಾಂಟಿನ ಹೆಸರನ್ನು ಬಿಟ್ಟು ಬರೀ ಪಠ್ಯವನ್ನು ಕೊಟ್ಟಾಗ ತುಳಸಿಯ, ಅಮೃತಬಳ್ಳಿಯ, ನೆಲನೆಲ್ಲಿಯ ವೈಜ್ಞಾನಿಕ ಹೆಸರುಗಳೆಲ್ಲ ಉಚ್ಚರಿಸಲಾಗದ ಕನ್ನಡ ಅಕ್ಷರಗಳ ಗುಂಪುಗಳಾಗಿ ಹೊರಬಂದವು. ಯಾವ ಭಾಗ ಯಾವ ಫಾಂಟಿನಲ್ಲಿದೆ ಎಂಬುದನ್ನು ನೋಡಿ, ಕನ್ನಡ ಫಾಂಟಿನ ಭಾಗಗಳನ್ನು ಮಾತ್ರ ಪರಿವರ್ತಿಸುವ ಸಣ್ಣ ಪ್ರೋಗ್ರಾಮೊಂದನ್ನು ಬರೆದ ಮೇಲೆ ಕೆಲಸ ಹಳಿಗೆ ಬಂತು. ಅಷ್ಟಾದರೂ ಒತ್ತಿನ ಮೇಲೆ ಒತ್ತು ಬರುವ ಪದಗಳನ್ನು, ಸಾಲಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ ಮುರಿದ ಪದಗಳನ್ನು ಮುದ್ರಿತ ಪ್ರತಿಯೊಡನೆ ಹೋಲಿಸಿ ಕೈಯಿಂದ ತಿದ್ದಬೇಕಾಯಿತು. ಆ ತಿದ್ದುವ ಕೆಲಸವನ್ನು ಮಾಡಿದವರು ಅಧ್ಯಾಪಕರ ಮಗಳು. ತಂದೆಯ ಕರಡಿನ ಕೈಬರಹವನ್ನು ಬಲ್ಲ ಅವರು, ಮುದ್ರಣದಲ್ಲಿಯೇ ಉಳಿದಿದ್ದ ಕೆಲವು ದೋಷಗಳನ್ನೂ ಗುರುತಿಸಿದರು.

ಇಷ್ಟು ಶ್ರಮ ಯಾರಿಗಾಗಿ ಎಂದು ಕೇಳಿದವರಿದ್ದಾರೆ. ಪಿಡಿಎಫ್ ಇದ್ದರೆ ಓದಲು ಸಾಲದೆ ಎಂಬುದು ಅವರ ಪ್ರಶ್ನೆ. ಕಣ್ಣಿರುವವರಿಗೆ ಸಾಕು. ಕಣ್ಣು ಕಾಣದವರು ಎನ್‌ವಿಡಿಎ ಎಂಬ ಉಚಿತ ಪರದೆವಾಚಕವನ್ನು ಬಳಸುತ್ತಾರೆ. ಅದರೊಳಗಿನ ಇಸ್ಪೀಕ್ ಎಂಬ ಧ್ವನಿ ತಂತ್ರಾಂಶ ಕನ್ನಡವನ್ನು ಓದಿ ಹೇಳುತ್ತದೆ. ಯುನಿಕೋಡಿನಲ್ಲಿರುವ ಪಠ್ಯವನ್ನು ಅದು ಕನ್ನಡವಾಗಿಯೇ ಓದುತ್ತದೆ. ಹಳೆಯ ಫಾಂಟಿನ ಕಡತವನ್ನು ಕೊಟ್ಟರೆ ‘ಪಿ, ಎ, ಪೌಂಡ್’ ಎಂದು ಓದುತ್ತಾ ಹೋಗುತ್ತದೆ. ಸ್ಕ್ಯಾನ್ ಮಾಡಿದ ಚಿತ್ರವನ್ನು ಕೊಟ್ಟರೆ ಏನನ್ನೂ ಓದದು. ಅಂಧ ವಿದ್ಯಾರ್ಥಿಯೊಬ್ಬರು ಪರೀಕ್ಷೆಗೆ ಓದಲೆಂದು ತಂದಿದ್ದ ಟಿಪ್ಪಣಿಗಳ ಕಡತದಿಂದ ಈ ಸದ್ದುಗಳು ಬರುವುದನ್ನು ಕೇಳಿದ ಮೇಲೆ, ಈ ಕೆಲಸ ಅಗತ್ಯವೇ ಎಂಬ ಪ್ರಶ್ನೆ ನನ್ನಲ್ಲಿ ಮತ್ತೆ ಎದ್ದಿಲ್ಲ. ವಾಟ್ಸ್‌ಆ್ಯಪಿನಲ್ಲಿ ಸಭೆಯ ಆಹ್ವಾನವನ್ನು, ಪರೀಕ್ಷೆಯ ಸೂಚನೆಯನ್ನು ಬರೀ ಚಿತ್ರವಾಗಿ ಹಂಚುವವರು ದಯವಿಟ್ಟು ಕೆಳಗೆ ಅದೇ ವಿಷಯವನ್ನು ಎರಡು ಸಾಲು ಟೈಪು ಮಾಡಿ ಹಾಕಬೇಕೆಂದು ಈ ಸಂದರ್ಭದಲ್ಲಿ ಬೇಡಿಕೊಳ್ಳುತ್ತೇನೆ.

ಪಿಡಿಎಫ್ ಬಗ್ಗೆ ಇನ್ನೊಂದು ಮಾತು. ಯುನಿಕೋಡಿನಲ್ಲೇ ಬರೆದ ಬರಹವೂ ಪಿಡಿಎಫ್ ಆದಾಗ, ಅದರೊಳಗೆ ಮುಖ್ಯವಾಗಿ ಸೇರುವುದು ಪರದೆಯ ಮೇಲೆ ಮೂಡಬೇಕಾದ ಆಕಾರಗಳು. ಆ ಆಕಾರಗಳು ಯಾವ ಅಕ್ಷರಗಳಿಂದ ಬಂದವು ಎಂಬ ಕೊಂಡಿ ಅನೇಕ ವೇಳೆ ಅರ್ಧಂಬರ್ಧವಾಗಿರುತ್ತದೆ. ಪಿಡಿಎಫಿನಿಂದ ಕನ್ನಡದ ವಾಕ್ಯವನ್ನು ನಕಲಿಸಿ ಬೇರೆಡೆ ಅಂಟಿಸಿದಾಗ ಗುಣಿತ ಒಂದು ಕಡೆ, ಒತ್ತು ಇನ್ನೊಂದು ಕಡೆ ಚದುರುವುದು ಇದರಿಂದ. ಪಿಡಿಎಫ್ ಅಚ್ಚಿಗೆ ಮತ್ತು ಓದಿಗೆ ಬೇಕು, ನಿಜ. ಆದರೆ ಮೂಲ ಕಡತವನ್ನು ಅಳಿಸಿ ಪಿಡಿಎಫನ್ನು ಮಾತ್ರ ಇಟ್ಟುಕೊಳ್ಳುವುದು ಪುಸ್ತಕವನ್ನು ಅರ್ಧ ಕಳೆದುಕೊಳ್ಳುವುದಕ್ಕೆ ಸಮ ಎಂದು ನಾನು ತಿಳಿಯುತ್ತೇನೆ.

ಮೂಲ ಕಡತ ಸಿಗದಿದ್ದಾಗ ಉಳಿಯುವ ದಾರಿ ಅಕ್ಷರ ಗುರುತಿಸುವ ತಂತ್ರಾಂಶ. ಉಚಿತವಾಗಿ ಸಿಗುವ ಟೆಸರಾಕ್ಟ್ 2018ರ 4ನೆಯ ಆವೃತ್ತಿಯಲ್ಲಿ ನರಜಾಲದ ವಿಧಾನಕ್ಕೆ ಹೊರಳಿದ ಮೇಲೆ ಕನ್ನಡದಲ್ಲಿ ಗಮನಾರ್ಹವಾಗಿ ಸುಧಾರಿಸಿದೆ. ಒಳ್ಳೆಯ ಕಾಗದದ ಮೇಲಿನ ಸ್ಪಷ್ಟ ಅಚ್ಚನ್ನು ಅದು ಚೆನ್ನಾಗಿ ಓದುತ್ತದೆ. ಹಳೆಯ ಮೊಳೆ ಅಚ್ಚಿನಲ್ಲಿ ಶಾಯಿ ಹರಡಿ ದಕಾರ ಮತ್ತು ಧಕಾರದ, ಪಕಾರ ಮತ್ತು ಫಕಾರದ ನಡುವಿನ ಆ ಸಣ್ಣ ಸೀಳು ಮುಚ್ಚಿಹೋದಾಗ ತಡವರಿಸುತ್ತದೆ. ಹಾಗಾಗಿ ಮನುಷ್ಯರ ತಿದ್ದುವಿಕೆ ಬೇಕೇ ಬೇಕು. ಮುಕ್ತ ಪುಸ್ತಕಗಳ ಅಂತರ್ಜಾಲ ಭಂಡಾರವಾದ ಕನ್ನಡ ವಿಕಿಸೋರ್ಸಿನಲ್ಲಿ ಒಂದು ಬದಿಗೆ ಸ್ಕ್ಯಾನ್ ಮಾಡಿದ ಪುಟ, ಇನ್ನೊಂದು ಬದಿಗೆ ಪಠ್ಯ ಇಟ್ಟುಕೊಂಡು ಸ್ವಯಂಸೇವಕರು ಈ ಕೆಲಸವನ್ನು ಮಾಡುತ್ತಿದ್ದಾರೆ. ದಿನಕ್ಕೆ ಒಂದು ಪುಟ ತಿದ್ದುವ ನಿವೃತ್ತ ಅಧ್ಯಾಪಕರೂ ಅವರಲ್ಲಿದ್ದಾರೆ.

ಪಠ್ಯ ಅಕ್ಷರವಾಗಿ ಉಳಿದಾಗ ಏನೆಲ್ಲ ಸಾಧ್ಯವಾಗುತ್ತದೆ ಎಂಬುದನ್ನು ನಾನು ದಿನವೂ ಕಾಣುತ್ತಿದ್ದೇನೆ. ‘ವಚನ ಸಂಚಯ’ ಎಂಬ ಅಂತರ್ಜಾಲ ತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿವೆ. ‘ಕಾಯಕ’ ಎಂಬ ಪದವನ್ನೋ ‘ಬಯಲು’ ಎಂಬ ಪದವನ್ನೋ ಕೊಟ್ಟರೆ ಯಾವ ಯಾವ ವಚನಕಾರರು ಅದನ್ನು ಎಲ್ಲೆಲ್ಲಿ ಬಳಸಿದ್ದಾರೆ ಎಂಬುದು ಕ್ಷಣದಲ್ಲಿ ಮುಂದೆ ನಿಲ್ಲುತ್ತದೆ. ಮುಂಚೆ ಇದೇ ಉತ್ತರಕ್ಕಾಗಿ ಸಂಶೋಧಕರು ಸಂಪುಟಗಳನ್ನು ಮುಂದಿಟ್ಟುಕೊಂಡು ಚೀಟಿಗಳಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, ಒಂದೂವರೆ ಲಕ್ಷಕ್ಕೂ ಮಿಕ್ಕಿದ ಪದಗಳ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಮುಕ್ತವಾಗಿ ಸಿಗುತ್ತಿದೆ. ಅದರ ಮೂಲ ದತ್ತಾಂಶವನ್ನೇ ಇಳಿಸಿಕೊಂಡು ಹೊಸ ಉಪಕರಣಗಳನ್ನು ಕಟ್ಟಬಹುದು. ಹೊಲದ ಪಹಣಿಯಲ್ಲಿ ತನ್ನ ಹೆಸರು ಸರಿಯಿದೆಯೇ ಎಂದು ರೈತ ಫೋನಿನಲ್ಲೇ ನೋಡುವುದೂ, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಓದಿ ಹೈಸ್ಕೂಲಿನ ಮಕ್ಕಳು ಪ್ರಾಜೆಕ್ಟ್ ಬರೆಯುವುದೂ ಇದೇ ನೆಲೆಗಟ್ಟಿನ ಮೇಲೆ ನಿಂತಿವೆ. ಈಗಿನ ಅನುವಾದ ಯಂತ್ರಗಳಿಗೂ ಮಾತನ್ನು ಬರಹವಾಗಿಸುವ ತಂತ್ರಾಂಶಗಳಿಗೂ ಕನ್ನಡ ಕಲಿಸುವುದು ಯುನಿಕೋಡಿನಲ್ಲಿರುವ ಪಠ್ಯವೇ. ಹಳೆಯ ಫಾಂಟುಗಳಲ್ಲಿ ಸಿಕ್ಕಿಕೊಂಡಿರುವ ನಮ್ಮ ಕೃಷಿ ಲೇಖನಗಳು, ಜಾನಪದ ಸಂಗ್ರಹಗಳು, ಜಿಲ್ಲೆ ಜಿಲ್ಲೆಗಳ ಮಾತಿನ ಬನಿ ಅವುಗಳ ಕಣ್ಣಿಗೆ ಬಿದ್ದಿಲ್ಲ. ಆ ಯಂತ್ರಗಳ ಕನ್ನಡ ಇಂಗ್ಲಿಷಿನ ನೆರಳಿನಂತೆ ಕೇಳಿಸುತ್ತದೆ ಎಂದು ಬೇಸರಪಡುವವರಲ್ಲಿ ನಾನೂ ಒಬ್ಬ. ಒಳ್ಳೆಯ ಕನ್ನಡವನ್ನು ಅವುಗಳಿಗೆ ಸಿಗದ ಕಡೆ ಇಟ್ಟಿರುವುದೂ ಅದಕ್ಕೆ ಒಂದು ಕಾರಣವೆಂದು ನನ್ನ ತಿಳಿವಳಿಕೆ.

ಈಗ ಕೆಲಸದ ಮಾತು. ನಿಮ್ಮ ಊರಿನ ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆ, ದೇವಸ್ಥಾನದ ಚರಿತ್ರೆ, ಸಾಹಿತ್ಯ ಸಮ್ಮೇಳನದ ನೆನಪಿನ ಪುಸ್ತಕ, ಅಭಿನಂದನ ಗ್ರಂಥ, ಇವುಗಳಲ್ಲಿ ಯಾವುದು 1990ರಿಂದೀಚೆಗೆ ಅಚ್ಚಾಗಿದೆಯೋ ಅದರ ಡಿಟಿಪಿ ಕಡತ ಎಲ್ಲಿದೆ ಎಂದು ಈಗಲೇ ವಿಚಾರಿಸಿ. ಅಂಗಡಿಗಳು ಮುಚ್ಚುತ್ತಿವೆ, ಹಳೆಯ ಯಂತ್ರಗಳು ಗುಜರಿಗೆ ಹೋಗುತ್ತಿವೆ, ಸಿಡಿಗಳು ಓದಲಾಗದಂತೆ ಹಾಳಾಗುತ್ತಿವೆ. ಕಡತ ಸಿಕ್ಕರೆ ಅದನ್ನು ಬದಲಿಸದೆ ಎರಡು ಕಡೆ ನಕಲು ಮಾಡಿಡಿ. ಅದಕ್ಕೆ ಬಳಸಿದ ಫಾಂಟಿನ ಕಡತವನ್ನೂ ಜೊತೆಗೇ ಕೇಳಿ ಪಡೆಯಿರಿ, ಕನಿಷ್ಠ ಫಾಂಟಿನ ಹೆಸರನ್ನಾದರೂ ಬರೆದಿಡಿ. ಪರಿವರ್ತನೆಯನ್ನು ನಕಲಿನ ಮೇಲೆ ಮಾತ್ರ ಮಾಡಿ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುವುದರಿಂದ, ಪ್ರಕಟಿಸುವ ಮೊದಲು ಲೇಖಕರ ಅಥವಾ ವಾರಸುದಾರರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಮುಕ್ತ ಪರವಾನಗಿಗೆ ಅವರು ಒಪ್ಪಿದರೆ ವಿಕಿಸೋರ್ಸಿಗೆ ಸೇರಿಸಬಹುದು. ಕಡತ ಯಾವ ಸಂಕೇತದಲ್ಲಿದೆ ಎಂದು ತಿಳಿಯಲು ಪರಿಣತಿ ಬೇಕಿಲ್ಲ. ಒಂದು ವಾಕ್ಯವನ್ನು ನಕಲಿಸಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ. ಕನ್ನಡವಾಗಿಯೇ ಕಂಡರೆ ಯುನಿಕೋಡ್, ಪೌಂಡ್ ಚಿಹ್ನೆಗಳ ಸಾಲು ಕಂಡರೆ ಹಳೆಯ ಫಾಂಟು.

ಊಟದ ನಂತರ ಪಕ್ಕದ ಕೊಠಡಿಯಲ್ಲಿ ನಾನೂ ಇಬ್ಬರು ಗೆಳೆಯರೂ ಸಂಜೆಯವರೆಗೆ ಇರುತ್ತೇವೆ. ಸಿಡಿ ಓದುವ ಡ್ರೈವು, ಪೇಜ್‌ಮೇಕರ್ ಇರುವ ಒಂದು ಹಳೆಯ ಯಂತ್ರ, ಪರಿವರ್ತಕ ತಂತ್ರಾಂಶ ಎಲ್ಲವನ್ನೂ ತಂದಿದ್ದೇವೆ. ಹಳೆಯ ಸಿಡಿಯನ್ನೋ ಪೆನ್‌ಡ್ರೈವನ್ನೋ ತಂದಿರುವವರು, ಒಳಗೆ ಏನಿದೆಯೆಂದು ಗೊತ್ತಿಲ್ಲದಿದ್ದರೂ ಸರಿ, ಮೊದಲು ಆ ಕೊಠಡಿಗೆ ಬಂದು ಹೆಸರು ಬರೆಸಿ.